ತವರಿಗೆ ಹೊರಟವಳ ಗುಳಿಗೆ

ಕೇಪ್‌ಟೌನ್ ವಿಮಾನ ನಿಲ್ದಾಣದಿಂದ ಊರ ಕಡೆಗೆ ಎನ್2 ಹೆದ್ದಾರಿ ಹಿಡಿದರೆ ಎದುರಿಗೇ ಟೇಬಲ್ ಮೌಂಟನ್. ಬಂದವರೆಲ್ಲ ಮೊದಲು ನೋಡುವುದು ಅದನ್ನೇ. ನಾನೂ ನೋಡಿದೆ. ಆದರೆ ಎಷ್ಟೋ ವರ್ಷದಿಂದ ನನ್ನ ಮನಸ್ಸಿನಲ್ಲಿದ್ದುದು ಆ ಹೆದ್ದಾರಿಯ ಇನ್ನೊಂದು ದಿಕ್ಕು. ನಿಲ್ದಾಣದಿಂದ ಬೆಟ್ಟಕ್ಕೆ ಬೆನ್ನು ಮಾಡಿ ಹೊರಟರೆ ಸ್ವಲ್ಪ ಹೊತ್ತಿಗೆ ಖಾಯೆಲಿಟ್ಶಾ ಎಂಬ ಬಡಾವಣೆ ಸಿಗುತ್ತದೆ.

ಮಗಳು ಅಳಿಯ ಕೇಪ್‌ಟೌನ್‌ನಲ್ಲಿ ಕೆಲಸದಲ್ಲಿದ್ದಾರೆ. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ಹೊರಟು, ಅಡಿಸ್ ಅಬಾಬದಲ್ಲಿ ವಿಮಾನ ಬದಲಿಸಿ ಬಂದಿಳಿದೆ. ಪೆಂಗ್ವಿನ್‌ಗಳಿರುವ ಕಡಲತೀರ, ಮಂಡೇಲಾ ಸೆರೆಯಲ್ಲಿದ್ದ ರಾಬೆನ್ ದ್ವೀಪ, ಗುಡ್ ಹೋಪ್ ಭೂಶಿರ ಎಲ್ಲವನ್ನೂ ಮಗಳು ತೋರಿಸಿದಳು. ಚೆಂದದ ಜಾಗಗಳು, ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕಾದದ್ದು ಎರಡು ಬೆಳಗಿನ ಮಾತು.

ಹದಿನಾಲ್ಕು ವರ್ಷ ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಐಸಿಟಿಸಿ ಎಂಬ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಆಪ್ತ ಸಮಾಲೋಚಕಿಯಾಗಿದ್ದೆ. ಎಚ್‌ಐವಿ ಪರೀಕ್ಷೆಗೆ ಮುಂಚೆ ಮಾತಾಡುವುದು, ಆಮೇಲೆ ಫಲಿತಾಂಶ ಹೇಳುವುದು ನನ್ನ ಕೆಲಸ. ರಾಜ್ಯದಲ್ಲಿ ಸೋಂಕು ಹೆಚ್ಚಿದ್ದ ಜಿಲ್ಲೆಗಳಲ್ಲಿ ಆಗ ನಮ್ಮದೂ ಒಂದು. ಮೊದಲ ಬಸುರಿನಲ್ಲಿ, ಕೈತುಂಬ ಹಸಿರು ಬಳೆ ಇಟ್ಟುಕೊಂಡು ಬಂದ ಹುಡುಗಿಗೆ ‘ಪಾಸಿಟಿವ್’ ಎನ್ನುವಾಗ ನಾಲಗೆ ಒಣಗುತ್ತಿತ್ತು. ಆ ಮಾತಿನ ಹಿಂದೆಯೇ ಒಂದು ಸಮಾಧಾನವನ್ನೂ ಹೇಳಬಹುದಿತ್ತು: ಕೂಸನ್ನು ಉಳಿಸಿಕೊಳ್ಳಲು ಒಂದು ಗುಳಿಗೆ ಇದೆ.

ಆ ಗುಳಿಗೆಯ ಕತೆ ಶುರುವಾದದ್ದು ಆಫ್ರಿಕಾದಲ್ಲಿ. ಯಾವ ಔಷಧಿಯೂ ಇಲ್ಲದಿದ್ದರೆ ಎಚ್‌ಐವಿ ಇರುವ ತಾಯಂದಿರ ಮಕ್ಕಳಲ್ಲಿ ನೂರಕ್ಕೆ 15ರಿಂದ 45 ಮಕ್ಕಳಿಗೆ ಸೋಂಕು ದಾಟುತ್ತದೆ. ಕೆಲವರಿಗೆ ಹೊಟ್ಟೆಯಲ್ಲಿದ್ದಾಗ, ಹೆಚ್ಚಿನವರಿಗೆ ಹೆರಿಗೆಯ ಹೊತ್ತಿನಲ್ಲಿ, ಉಳಿದವರಿಗೆ ಎದೆಹಾಲಿನಿಂದ. ಉಗಾಂಡದ ಕಂಪಾಲಾದಲ್ಲಿ ನಡೆದ ಅಧ್ಯಯನವೊಂದು 1999ರಲ್ಲಿ ತೋರಿಸಿಕೊಟ್ಟದ್ದಿಷ್ಟು: ನೋವು ಶುರುವಾದಾಗ ತಾಯಿಗೆ 200 ಮಿಲಿಗ್ರಾಂ ನೆವಿರಪಿನ್ ಗುಳಿಗೆ ಒಂದು, ಹುಟ್ಟಿದ ಮೂರು ದಿನದೊಳಗೆ ಕೂಸಿನ ಬಾಯಿಗೆ ಅದೇ ಔಷಧಿಯ ಸಿರಪ್ ಕೆಲವು ಹನಿ. ಅಷ್ಟಕ್ಕೇ ಸೋಂಕು ದಾಟುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಬಡ ದೇಶಗಳ ಮಟ್ಟಿಗೆ ಅದೇನು ಸಣ್ಣ ಸುದ್ದಿಯಲ್ಲ.

ದಕ್ಷಿಣ ಆಫ್ರಿಕಾದಲ್ಲಿ ಆ ಗುಳಿಗೆ ತಾಯಂದಿರ ಕೈಗೆ ಸಿಗಲು ಕೋರ್ಟಿನ ಮೆಟ್ಟಿಲೇರಬೇಕಾಯಿತು. ತಯಾರಿಸುವ ಕಂಪನಿ 2000ದಲ್ಲಿ ಐದು ವರ್ಷ ಉಚಿತವಾಗಿ ಕೊಡುತ್ತೇನೆಂದರೂ ಅಲ್ಲಿನ ಸರ್ಕಾರ ಒಂದೊಂದು ಪ್ರಾಂತಕ್ಕೆ ಎರಡೇ ಪ್ರಾಯೋಗಿಕ ಕೇಂದ್ರ ಎಂದು ಗೆರೆ ಎಳೆಯಿತು. 2001ರ ಸಮೀಕ್ಷೆಯ ಪ್ರಕಾರ ಸರ್ಕಾರಿ ಕ್ಲಿನಿಕ್‌ಗಳಿಗೆ ಬರುವ ಗರ್ಭಿಣಿಯರಲ್ಲಿ ಹೆಚ್ಚುಕಡಿಮೆ ನಾಲ್ವರಿಗೊಬ್ಬರಿಗೆ ಎಚ್‌ಐವಿ ಇದ್ದ ಕಾಲ ಅದು. ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಎಂಬ ಸಂಘಟನೆ ದಾವೆ ಹೂಡಿತು. 2002ರ ಜುಲೈ 5ರಂದು ಸಾಂವಿಧಾನಿಕ ನ್ಯಾಯಾಲಯ ತಾಯಂದಿರ ಪರ ತೀರ್ಪು ಕೊಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಂಡೇಲಾ ಖಾಯೆಲಿಟ್ಶಾಕ್ಕೆ ಬಂದು ‘ಎಚ್‌ಐವಿ ಪಾಸಿಟಿವ್’ ಎಂದು ಬರೆದ ಟೀ ಶರ್ಟ್ ತೊಟ್ಟರು. ಆ ಚಿತ್ರ ನಮ್ಮ ತರಬೇತಿ ಕೋಣೆಯ ಗೋಡೆಯ ಮೇಲಿತ್ತು. ಖಾಯೆಲಿಟ್ಶಾ ಎಂಬ ಹೆಸರನ್ನು ನಾನು ಓದಿದ್ದೇ ಆ ಚಿತ್ರದ ಕೆಳಗೆ.

ಮೊದಲ ಬೆಳಗು ಗ್ರೂಟ್ ಶೂರ್ ಆಸ್ಪತ್ರೆಗೆ ಹೋದೆ. 1967ರಲ್ಲಿ ಜಗತ್ತಿನ ಮೊದಲ ಹೃದಯ ಕಸಿ ನಡೆದದ್ದು ಇಲ್ಲಿಯೇ; ಅದಕ್ಕೊಂದು ವಸ್ತುಸಂಗ್ರಹಾಲಯವಿದೆ, ಪ್ರವಾಸಿಗರು ಅಲ್ಲಿಗೆ ಹೋಗುತ್ತಾರೆ. ನಾನು ಹೆರಿಗೆ ವಿಭಾಗದ ದಿಕ್ಕಿಗೆ ಮುಖ ಮಾಡಿ ಹೊರಗಿನ ಕಟ್ಟೆಯ ಮೇಲೆ ಅರ್ಧ ಗಂಟೆ ಕೂತೆ. ಒಳಗೆ ನೋಡುವಂಥದ್ದೇನೂ ಇಲ್ಲ ಎಂದು ಗೊತ್ತಿತ್ತು. ಅಮೆರಿಕದಿಂದ ಬಂದು ಇಲ್ಲಿ ಕೆಲಸ ಮಾಡುತ್ತಿದ್ದ ಪ್ರಸೂತಿ ತಜ್ಞ ಮಿಚ್ ಬೆಸ್ಸರ್‌ಗೆ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಫಲಿತಾಂಶ ಕೇಳಿದ ಗರ್ಭಿಣಿ ಡಾಕ್ಟರು ಹೇಳಿದ್ದಕ್ಕೆಲ್ಲ ಗೋಣು ಹಾಕುತ್ತಾಳೆ, ಮನೆಗೆ ಹೋಗುತ್ತಾಳೆ, ಮನೆಯಲ್ಲಿ ಯಾರಿಗೂ ಹೇಳಲಾರಳು, ಆಮೇಲೆ ಬರುವುದೇ ಇಲ್ಲ. ಡಾಕ್ಟರಿಗೂ ನರ್ಸಿಗೂ ಅವಳ ಜೊತೆ ಕೂರಲು ಪುರುಸೊತ್ತಿಲ್ಲ. ಅದೇ ದಾರಿಯಲ್ಲಿ ನಡೆದು, ಕೂಸು ಹೆತ್ತು, ಆ ಕೂಸನ್ನು ಸೋಂಕಿಲ್ಲದೆ ಉಳಿಸಿಕೊಂಡ ಇನ್ನೊಬ್ಬ ತಾಯಿಯನ್ನೇ ಅವಳ ಪಕ್ಕ ಕೂರಿಸಿದರೆ? 2001ರಲ್ಲಿ ಶುರುವಾದ ‘ಮದರ್ಸ್ ಟು ಮದರ್ಸ್’ ಸಂಸ್ಥೆಯ ಬೀಜ ಇದು. ಹಾಗೆ ಕೂರುವವಳನ್ನು ‘ಮೆಂಟರ್ ಮದರ್’ ಎನ್ನುತ್ತಾರೆ. ಲೆಸೊಥೊ, ಮಲಾವಿ, ಕೀನ್ಯಾ, ಉಗಾಂಡ, ಜಾಂಬಿಯಾ ಮುಂತಾದ ದೇಶಗಳಿಗೂ ಈ ಪದ್ಧತಿ ಹೋಯಿತು.

ನನಗೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಸಂಬಳ. ಇವರು ಸ್ವಯಂಸೇವಕಿಯರಲ್ಲ, ತರಬೇತಿ ಪಡೆದು ತಿಂಗಳ ಪಗಾರ ತೆಗೆದುಕೊಳ್ಳುವ ಕೆಲಸದವರು. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಮನೆಯಿಂದ ಹೊರಬಿದ್ದವಳಿಗೆ ಅದೇ ಎಚ್‌ಐವಿಯ ಅನುಭವ ಕೆಲಸ ಕೊಡಿಸುತ್ತದೆ. ಹೆಣ್ಣುಮಕ್ಕಳು ಮಾಡುವ ಆರೈಕೆಯನ್ನು ಪುಣ್ಯದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದನ್ನು ನಾನು ಜೀವನವಿಡೀ ಕಂಡಿದ್ದೇನೆ. ಪುಣ್ಯದಿಂದ ಮನೆ ಬಾಡಿಗೆ ಕಟ್ಟಲಾಗುವುದಿಲ್ಲ. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ಹೊರದೇಶಗಳಿಗೆ ಕೊಡುತ್ತಿದ್ದ ನೆರವನ್ನು ತಡೆಹಿಡಿಯಿತು. ಆಫ್ರಿಕಾದ ಎಚ್‌ಐವಿ ಕೆಲಸದಲ್ಲಿದ್ದ ಸಾವಿರಾರು ಜನರ ಪಗಾರ ಒಮ್ಮೆಗೇ ನಿಂತ ಸುದ್ದಿ ಓದಿದಾಗ ನನಗೆ ಕಂಡದ್ದು ಕ್ಲಿನಿಕ್‌ನಲ್ಲಿ ಗರ್ಭಿಣಿಯರು ಕಾದು ಕೂರುವ ಬೆಂಚುಗಳು. ಗುಳಿಗೆ ಡಬ್ಬಿ ಕಪಾಟಿನಲ್ಲೇ ಇರುತ್ತದೆ. ಪಕ್ಕದಲ್ಲಿ ಕೂರುವವಳು ಇರುವುದಿಲ್ಲ.

ಎರಡನೆಯ ಬೆಳಗು ಖಾಯೆಲಿಟ್ಶಾ. ಖೋಸಾ ಭಾಷೆಯಲ್ಲಿ ಆ ಹೆಸರಿಗೆ ‘ಹೊಸ ಮನೆ’ ಎಂದರ್ಥ. ವರ್ಣಭೇದದ ಸರ್ಕಾರ 1980ರ ದಶಕದಲ್ಲಿ ಕಪ್ಪು ಜನರನ್ನು ಊರಾಚೆಯ ಮರಳು ಬಯಲಿಗೆ ತಂದು ಹಾಕಿ ಇಟ್ಟ ಹೆಸರು. ತಗಡಿನ ಮನೆ, ನಡುನಡುವೆ ಇಟ್ಟಿಗೆಯ ಮನೆ, ಆಗ್ನೇಯದಿಂದ ಬೀಸುವ ಗಾಳಿಗೆ ಬಾಯಿಗೂ ಕಣ್ಣಿಗೂ ಮರಳು. ಈ ಗಾಳಿಗೆ ಅಲ್ಲಿಯವರು ‘ಕೇಪ್ ಡಾಕ್ಟರ್’ ಎನ್ನುತ್ತಾರೆ, ಊರಿನ ಕೆಟ್ಟ ಹವೆಯನ್ನೆಲ್ಲ ಹೊತ್ತೊಯ್ಯುತ್ತದೆಂದು. ಖೋಸಾ ಎಂಬ ಹೆಸರಿನ ಮೊದಲ ಅಕ್ಷರ ನನಗೆ ಕೊನೆಗೂ ಬರಲಿಲ್ಲ. ನಮ್ಮಲ್ಲಿ ಎತ್ತು ಹೂಡಿದವರು ಕೆನ್ನೆಯೊಳಗೆ ಟಕ್ಕೆನ್ನಿಸುವ ಸದ್ದು ಇದೆಯಲ್ಲ, ಹತ್ತಿರಹತ್ತಿರ ಅದೇ.

ಮಗಳ ಪರಿಚಯದವರೊಬ್ಬರ ಮೂಲಕ ಒಂದು ಕ್ಲಿನಿಕ್‌ಗೆ ಹೋಗಲು ಒಪ್ಪಿಗೆ ಸಿಕ್ಕಿತ್ತು. ಫೋಟೋ ತೆಗೆಯಬಾರದು, ಹೆಸರು ಕೇಳಬಾರದು. ನನ್ನನ್ನು ಕೂರಿಸಿಕೊಂಡಾಕೆ ಹತ್ತು ವರ್ಷದಿಂದ ಮೆಂಟರ್ ಮದರ್. ಅಲ್ಲಿಯವರೆಲ್ಲ ಆಕೆಯನ್ನು ‘ಸಿಸಿ’ ಎನ್ನುತ್ತಿದ್ದರು. ಅಕ್ಕನೂ ಹೌದು, ತಂಗಿಯೂ ಹೌದು. ನನಗಿಂತ ಚಿಕ್ಕವಳಾದರೂ ನಾನೂ ಹಾಗೇ ಕರೆದೆ. ಆಕೆ ನನ್ನನ್ನು ‘ಮಾಮಾ’ ಎಂದಳು. ಅಲ್ಲಿ ಅದು ತಾಯಿಗೆ ಹೇಳುವ ಮಾತು.

ಕ್ಲಿನಿಕ್ ತೆರೆಯುವ ಮುಂಚೆಯೇ ಬೆಂಚು ತುಂಬಿತ್ತು. ಔಷಧಿಯ ಡಬ್ಬಿ ಎತ್ತಿ ನೋಡಿದರೆ ಭಾರತದ ಕಂಪನಿಯ ಹೆಸರು. ಮೂರು ಔಷಧಿ ಒಂದೇ ಗುಳಿಗೆಯಲ್ಲಿ, ದಿನಕ್ಕೊಂದು. ಒಬ್ಬರ ವರ್ಷದ ಔಷಧಿಗೆ ಸುಮಾರು 10,000 ಡಾಲರ್ ಇದ್ದ ಕಾಲದಲ್ಲಿ, 2001ರ ಫೆಬ್ರುವರಿಯಲ್ಲಿ, ಮುಂಬೈಯ ಸಿಪ್ಲಾ 350 ಡಾಲರ್‌ಗೆ ಕೊಡುತ್ತೇನೆಂದು ಮುಂದೆ ಬಂದದ್ದನ್ನು ಸಿಸಿಗೆ ನೆನಪಿಸಿದೆ. ಆಕೆಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಹೆರಿಗೆಯ ಹೊತ್ತಿಗೆ ಒಂದೇ ಗುಳಿಗೆ ಕೊಡುವ ಕಾಲ ಮುಗಿದಿದೆ. ಅದರಿಂದ ವೈರಸ್ ಆ ಔಷಧಿಗೇ ಒಗ್ಗಿಕೊಳ್ಳುತ್ತಿತ್ತು, ತಾಯಿಯ ಚಿಕಿತ್ಸೆಯೂ ಆಗುತ್ತಿರಲಿಲ್ಲ. ಈಗ ಗರ್ಭಿಣಿಗೆ ಎಚ್‌ಐವಿ ಇದೆ ಎಂದು ಗೊತ್ತಾದ ದಿನವೇ ಪೂರ್ಣ ಚಿಕಿತ್ಸೆ ಶುರು, ಜೀವನಪೂರ್ತಿ. ಈ ದಾರಿಯನ್ನು 2011ರಲ್ಲಿ ಮೊದಲು ತೋರಿಸಿದ್ದು ಮಲಾವಿ, ಜಗತ್ತಿನ ಅತಿ ಬಡ ದೇಶಗಳಲ್ಲೊಂದು. ಎಲ್ಲವೂ ಸರಿಯಾಗಿ ನಡೆದರೆ ನೂರು ಕೂಸುಗಳಲ್ಲಿ ಸೋಂಕು ದಾಟುವುದು ಒಂದಕ್ಕೋ ಎರಡಕ್ಕೋ ಅಷ್ಟೇ.

ಆ ‘ಸರಿಯಾಗಿ’ ಎನ್ನುವುದರಲ್ಲೇ ಸಿಸಿಯ ಕೆಲಸವೆಲ್ಲ ಇದೆ. ಕೂಸಿಗೆ ಹುಟ್ಟಿದಾಗ ಪರೀಕ್ಷೆ, ಹತ್ತು ವಾರಕ್ಕೆ ಮತ್ತೆ ಪರೀಕ್ಷೆ, ಆರು ತಿಂಗಳಿಗೆ ಮತ್ತೊಮ್ಮೆ, ಹದಿನೆಂಟು ತಿಂಗಳಿಗೆ ಇನ್ನೊಮ್ಮೆ. ನಡುವೆ ಕನಿಷ್ಠ ಆರು ವಾರ ದಿನಾ ಸಿರಪ್. ಆರು ತಿಂಗಳು ಎದೆಹಾಲು ಬಿಟ್ಟು ಮತ್ತೇನೂ ಬೇಡ.

ಈ ಕೊನೆಯದರ ಬಗ್ಗೆ ಇಬ್ಬರೂ ಬಹಳ ಹೊತ್ತು ಮಾತಾಡಿದೆವು. ಮೊದಮೊದಲು ಇಲ್ಲಿ ಸರ್ಕಾರವೇ ಪುಡಿ ಹಾಲಿನ ಡಬ್ಬಿ ಕೊಡುತ್ತಿತ್ತು. ಎದೆಹಾಲಿನಿಂದ ಸೋಂಕು ದಾಟುತ್ತದೆಂದರೆ ಎದೆಹಾಲು ಬಿಡಿಸಿದರಾಯಿತು ಎಂಬ ಲೆಕ್ಕ. ಆದರೆ ಬಾಟಲಿ ಹಿಡಿದವಳನ್ನು ನೋಡಿದ ಕೂಡಲೇ ಓಣಿಗೆಲ್ಲ ಅರ್ಥವಾಗುತ್ತಿತ್ತು. ನೆರೆಯ ಬೋಟ್ಸ್‌ವಾನದಲ್ಲಿ 2006ರ ಮಳೆಗಾಲದಲ್ಲಿ ನೀರು ಕೆಟ್ಟು ನೂರಾರು ಮಕ್ಕಳು ಭೇದಿಯಿಂದ ತೀರಿಕೊಂಡಾಗ ಬಾಟಲಿ ಹಾಲಿನ ಮಕ್ಕಳೇ ಹೆಚ್ಚು ಸತ್ತರು. ಡರ್ಬನ್‌ನಲ್ಲಿ ಹುಟ್ಟಿದ ಭಾರತೀಯ ಮೂಲದ ಮಕ್ಕಳ ತಜ್ಞ ಹೂಸೇನ್ ಕೂವಾಡಿಯಾ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇಡೀ ಲೆಕ್ಕವನ್ನೇ ಬದಲಿಸಿತು. ಬರೀ ಎದೆಹಾಲು ಕುಡಿದ ಮಕ್ಕಳಿಗಿಂತ, ಎದೆಹಾಲಿನ ಜೊತೆ ಗಂಜಿಯಂಥ ಆಹಾರವನ್ನೂ ತಿಂದ ಮಕ್ಕಳಿಗೆ ಸೋಂಕು ತಗಲುವ ಅಪಾಯ ಸುಮಾರು ಹನ್ನೊಂದು ಪಟ್ಟು. ಅಪಾಯ ಹೆಚ್ಚಾಗಿ ಇದ್ದದ್ದು ಬೆರಕೆಯಲ್ಲಿ.

“ಇದನ್ನು ಹೆತ್ತವಳಿಗೆ ಹೇಳಿದರೆ ಸಾಲದು ಮಾಮಾ, ಅಜ್ಜಿಗೂ ಹೇಳಬೇಕು” ಎಂದಳು ಸಿಸಿ. ಕೂಸು ಅತ್ತರೆ ಅಜ್ಜಿ ಗ್ರೈಪ್ ವಾಟರ್ ಕುಡಿಸುತ್ತಾಳೆ, ಗಂಜಿ ತಿನ್ನಿಸುತ್ತಾಳೆ. ನಮ್ಮಲ್ಲಿ ಜೇನು ನೆಕ್ಕಿಸುತ್ತಾರೆ, ಬಜೆ ತೇಯ್ದು ಹಾಕುತ್ತಾರೆ, ಗ್ರೈಪ್ ವಾಟರ್ ಅಂತೂ ನಮ್ಮ ಮನೆಗಳಲ್ಲೂ ಇದ್ದದ್ದೇ ಎಂದೆ. ಆಕೆ ನನ್ನ ಮಂಡಿಯ ಮೇಲೆ ಕೈಯಿಟ್ಟು “ಹಾಗಾದರೆ ನಿಮಗೆ ಗೊತ್ತು” ಎಂದಳು.

ಆಮೇಲೆ ಆಕೆ ಒಂದು ಪ್ರಶ್ನೆ ಕೇಳಿದಳು. ಕೇಪ್‌ಟೌನ್‌ನ ಖೋಸಾ ಹೆಂಗಸರಲ್ಲಿ ಬಹಳ ಜನರ ಮೂಲ ಈಸ್ಟರ್ನ್ ಕೇಪ್ ಪ್ರಾಂತ. ಎಷ್ಟೋ ಜನ ಹೆರಿಗೆಗೆ ಊರಿಗೆ ಹೋಗುತ್ತಾರೆ, ಇಲ್ಲವೇ ಕೂಸನ್ನು ಅಜ್ಜಿಯ ಮಡಿಲಿಗೆ ಬಿಟ್ಟು ಬರುತ್ತಾರೆ. “ನಿಮ್ಮಲ್ಲೂ ತಾಯಿಯ ಮನೆಗೆ ಹೋಗುತ್ತಾರಂತಲ್ಲ? ಹೋಗುವವರಿಗೆ ನೀವೇನು ಮಾಡುತ್ತಿದ್ದಿರಿ?”

ನಾನು ಏನು ಮಾಡುತ್ತಿದ್ದೆ ಎಂದು ಹೇಳಿದೆ. ಅದುವರೆಗೆ ಮಗಳಿಗೂ ಹೇಳಿರಲಿಲ್ಲ.

2007. ಜಮಖಂಡಿ ಕಡೆಯ ಹುಡುಗಿ, ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಏಳು ತಿಂಗಳಾದಾಗ ಗಡಿಯಾಚೆ ಮಹಾರಾಷ್ಟ್ರದಲ್ಲಿದ್ದ ತವರಿನವರು ಕರೆದೊಯ್ಯಲು ಬಂದರು. ನಾನು ಒಂದು ನೆವಿರಪಿನ್ ಗುಳಿಗೆಯನ್ನು ಕಾಗದದಲ್ಲಿ ಕಟ್ಟಿ ಕೈಗಿಟ್ಟೆ. ನೋವು ಬಂದ ಕೂಡಲೇ ನುಂಗು, ಮೂರು ದಿನದೊಳಗೆ ಕೂಸನ್ನು ದವಾಖಾನೆಗೆ ಒಯ್ಯಿ ಎಂದೆ. ಅವಳಿಂದ ಎರಡು ಸಲ ಬಾಯಿಪಾಠ ಹೇಳಿಸಿದೆ. ನನ್ನ ಕೆಲಸ ಸರಿಯಾಗಿ ಆಯಿತೆಂದುಕೊಂಡೆ. ಐದು ತಿಂಗಳ ಕೂಸನ್ನು ಎತ್ತಿಕೊಂಡು ವಾಪಸು ಬಂದಾಗ ಅದೇ ಕಾಗದದ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಬಿಚ್ಚಿರಲಿಲ್ಲ. “ರಾತ್ರಿ ನೋವು ಬಂತ್ರೀ ಅಕ್ಕಾರ. ಅವ್ವ, ವೈನಿ ಎಲ್ಲಾರೂ ಸುತ್ತಕಡಿ ಕುಂತಿದ್ರು. ಏನಂತ ಹೇಳಿ ಟ್ರಂಕ್ ತಗೀಲಿ?”

ಕೂಸಿಗೆ ಸೋಂಕಿತ್ತು. ಆ ಹುಡುಗ ಈಗ ಕಾಲೇಜಿಗೆ ಹೋಗುತ್ತಾನೆ, ದಿನಾ ಗುಳಿಗೆ ನುಂಗುತ್ತಾನೆ, ಆರೋಗ್ಯವಾಗಿದ್ದಾನೆ. ಆ ಒಂದು ರಾತ್ರಿ ಅವಳ ಪಕ್ಕ ಒಬ್ಬಳಾದರೂ ಗೊತ್ತಿದ್ದವಳು ಕೂತಿದ್ದರೆ ಆ ಗುಳಿಗೆ ಟ್ರಂಕಿನಲ್ಲಿ ಉಳಿಯುತ್ತಿರಲಿಲ್ಲವೇನೋ. ಎಷ್ಟು ಬಾಯಿಪಾಠ ಮಾಡಿಸಿದರೂ ಟ್ರಂಕ್ ತೆರೆಯುವ ಧೈರ್ಯವನ್ನು ನಾನು ಕಾಗದದಲ್ಲಿ ಕಟ್ಟಿ ಕೊಡಲಾರದೆ ಹೋದೆ.

ಸಿಸಿ ಸಮಾಧಾನ ಹೇಳಲಿಲ್ಲ. “ಇಲ್ಲೇ ಕೂತಿರಿ” ಎಂದು ಬೆಂಚಿನಿಂದ ಒಬ್ಬ ಹುಡುಗಿಯನ್ನು ಕರೆದಳು. ನಾನಿದ್ದರೆ ನಡೆಯುತ್ತದೆಯೇ ಎಂದು ಮೊದಲು ಅವಳನ್ನೇ ಕೇಳಿದಳು. ತುಂಬು ಗರ್ಭಿಣಿ, ಮಾರನೆಯ ದಿನ ಬಸ್ಸು ಹತ್ತುವವಳು, ಈಸ್ಟರ್ನ್ ಕೇಪ್‌ನ ಲುಸಿಕಿಸಿಕಿ ಕಡೆಗೆ, ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ತಾಯಿಗೆ ಇನ್ನೂ ಹೇಳಿಲ್ಲ. ಸಿಸಿ ತನ್ನ ಫೋನಿನಲ್ಲಿ ಆ ಊರಿನ ಕ್ಲಿನಿಕ್‌ನಲ್ಲಿರುವ ತನ್ನಂಥವಳೊಬ್ಬಳಿಗೆ ಕರೆ ಮಾಡಿ, ಎರಡು ಮಾತಾಡಿ, ಫೋನನ್ನು ಹುಡುಗಿಯ ಕೈಗಿತ್ತಳು. ಅವರಿಬ್ಬರೂ ಮಾತಾಡಿದ್ದು ಖೋಸಾದಲ್ಲಿ. ಸಿಸಿ ಪಿಸುದನಿಯಲ್ಲಿ ನನಗೆ ಹೇಳುತ್ತಾ ಹೋದಳು: ಯಾವ ದಿನ ಬರುತ್ತಾಳೆ, ಯಾವ ಬಣ್ಣದ ದುಪ್ಪಟಿ ಹೊದ್ದಿರುತ್ತಾಳೆ, ಆ ಕಡೆಯವಳು ಗೇಟಿನ ಹತ್ತಿರ ಎಲ್ಲಿ ನಿಂತಿರುತ್ತಾಳೆ. ಹುಡುಗಿ ಮೊದಲು ಹೂಂ ಹೂಂ ಎನ್ನುತ್ತಿದ್ದಳು. ಆಮೇಲೆ ಏನೋ ಕೇಳಿದಳು, ಆ ಕಡೆಯಿಂದ ಉತ್ತರ ಬಂತು, ಇವಳು ನಕ್ಕಳು. “ನಿನ್ನ ಮಗುವಿಗೆ ಈಗ ಎಷ್ಟು ವರ್ಷ ಎಂದು ಕೇಳಿದಳು” ಎಂದಳು ಸಿಸಿ. “ಒಂಬತ್ತಂತೆ, ಮಾತು ಕೇಳುವುದಿಲ್ಲವಂತೆ.”

ಫೋನ್ ಮುಗಿದ ಮೇಲೆ ಗುಳಿಗೆಯ ಡಬ್ಬಿಗಳನ್ನು ತೆಗೆದರು. ಸಿಸಿ ಒಂದೊಂದರ ಮುಚ್ಚಳ ಬಿಚ್ಚಿ ಹತ್ತಿಯ ಉಂಡೆ ತುರುಕಿದಳು. ಬಸ್ಸಿನಲ್ಲಿ, ತಾಯಿಯ ಮನೆಯಲ್ಲಿ ಚೀಲ ಎತ್ತಿಟ್ಟಾಗ ಗುಳಿಗೆ ಗಲಗಲ ಎನ್ನಬಾರದಲ್ಲ. ತಾಯಿಗೆ ಹೇಳುವುದು ಅವಳಿಗೆ ಬಿಟ್ಟದ್ದು, ಹೇಳಿದ ದಿನ ಹತ್ತಿ ತೆಗೆದರಾಯಿತು ಎಂದಳು. ಹುಡುಗಿ ಒಂದು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದಳು. ಆಮೇಲೆ ಇನ್ನೊಂದನ್ನು ನನ್ನ ಕಡೆ ಚಾಚಿದಳು. ನಾನೂ ಅಲ್ಲಾಡಿಸಿ, ಸದ್ದು ಬರುತ್ತಿಲ್ಲ ಎಂದು ತಲೆಯಾಡಿಸಿ, ಅವಳ ಚೀಲದೊಳಗೆ ಇಟ್ಟೆ.