ತಾರಸಿಯಿಂದ ಭೂಮಿಯ ನೆರಳಿನ ಅಳತೆ: ಹನುಮಂತನಗರ, ಬೆಂಗಳೂರು

ಆಗಸ್ಟ್ 24, 2025

ಸೆಪ್ಟೆಂಬರ್ 7ರ ರಾತ್ರಿ ಖಗ್ರಾಸ ಚಂದ್ರಗ್ರಹಣ. 2018ರ ಜುಲೈ ಆದಮೇಲೆ ನೆರಳು ತಾಗುವ ಸ್ಪರ್ಶದಿಂದ ನೆರಳು ಬಿಡುವ ಮೋಕ್ಷದವರೆಗೂ ಬೆಂಗಳೂರಿಗೆ ಪೂರ್ತಿ ಸಿಗುವ ಖಗ್ರಾಸ ಇದೇ. ಆಗ ಬರೀ ನೋಡಿ ಸಂತೋಷಪಟ್ಟಿದ್ದೆ. ಈ ಸಲ ಚಂದ್ರನ ದೂರದಲ್ಲಿ ಭೂಮಿಯ ನೆರಳು ಎಷ್ಟು ಅಗಲ ಇರುತ್ತದೆ ಅಂತ ಅಳೆಯುವ ಆಸೆ. ನನ್ನ ಹತ್ತಿರ ಇರುವುದು ಒಂದು ಬೈನಾಕ್ಯುಲರ್, ಟ್ರೈಪಾಡ್, ಮೊಬೈಲಿನ ಗಡಿಯಾರ. ಸಾಕು ಅನಿಸುತ್ತದೆ.

ನೋಟ್‌ಬುಕ್ಕಿನಲ್ಲಿ ಐದು ಕಾಲಂ ಹಾಕಿದೆ: ಸ್ಪರ್ಶ 9.57, ನಿಮೀಲನ 11.00, ಮಧ್ಯ 11.41, ಉನ್ಮೀಲನ 12.22, ಮೋಕ್ಷ 1.26. ಕಣ್ಣು ಮುಚ್ಚುವುದು ನಿಮೀಲನ, ಅಂದರೆ ಚಂದ್ರ ಪೂರ್ತಿ ನೆರಳಿನೊಳಗೆ ಸೇರುವ ಕ್ಷಣ; ತೆರೆಯುವುದು ಉನ್ಮೀಲನ, ಮತ್ತೆ ಹೊರಬರಲು ಶುರುವಾಗುವ ಕ್ಷಣ. ಪಂಚಾಂಗದ ಈ ಪದಗಳಷ್ಟು ಚೆಂದದ ಹೆಸರು ಬೇರೆಲ್ಲೂ ಕಂಡಿಲ್ಲ. ಎದುರಿನ ಖಾಲಿ ಕಾಲಂಗಳಲ್ಲಿ ನಾನು ಕಂಡ ಸಮಯ ಬರೆಯಬೇಕು.

ಸೆಪ್ಟೆಂಬರ್ 7, ಸಂಜೆ

ಮೂರು ದಿನದಿಂದ ಮೋಡ. ಅತ್ತೆ ಮಧ್ಯಾಹ್ನವೇ ಊಟ ಮುಗಿಸಿ, ಮೊಸರಿನ ಪಾತ್ರೆಗೆ ದರ್ಭೆ ಹಾಕಿಟ್ಟಿದ್ದಾರೆ. ಮೋಕ್ಷ ಆದಮೇಲೆ ಸ್ನಾನ ಮಾಡಿ ಮಲಗುತ್ತಾರಂತೆ. "ಬಿಟ್ಟ ತಕ್ಷಣ ಕೂಗಮ್ಮ" ಅಂದರು. ಅವರಿಗೂ ನನಗೂ ಬೇಕಾಗಿರುವುದು ಒಂದೇ ನಿಮಿಷ.

ಸೆಪ್ಟೆಂಬರ್ 7, ರಾತ್ರಿ

ಚಂದ್ರ ನೆತ್ತಿಯ ಹತ್ತಿರಕ್ಕೆ ಏರುತ್ತಾನೆ. ಟ್ರೈಪಾಡ್ ಮುಂದೆ ನಿಂತು ಕತ್ತು ನೋಯಿಸಿಕೊಳ್ಳುವ ಬದಲು ಚಾಪೆ ಹಾಸಿ ಮಲಗಿದೆ. ಬೈನಾಕ್ಯುಲರ್ ಕೈಯಲ್ಲೇ.

ಸ್ಪರ್ಶಕ್ಕೆ ಕಾಲು ಗಂಟೆ ಮುಂಚೆಯೇ ಪೂರ್ವದ ಅಂಚು ಹೊಗೆ ಹಿಡಿದ ಹಾಗೆ ಮಂಕಾಯಿತು. ಅದು ಅರೆನೆರಳು. ನಿಜವಾದ ನೆರಳು ಎಲ್ಲಿ ಶುರು ಅಂತ ಹೇಳುವುದೇ ಕಷ್ಟ, ಏಕೆಂದರೆ ನಮ್ಮ ವಾತಾವರಣ ಅದರ ಅಂಚನ್ನು ಮಸುಕು ಮಾಡುತ್ತದೆ. 9.58 ಅಂತ ಬರೆದೆ.

ನಿಮೀಲನ 11.01. ಕೊನೆಯ ಬೆಳ್ಳಿಗೆರೆ ಆರುತ್ತಿದ್ದ ಹಾಗೇ ಇಡೀ ಬಿಂಬ ಕೆಂಪಾಗಿ ಉಬ್ಬಿ ನಿಂತಿತು. ಚಪ್ಪಟೆ ತಟ್ಟೆ ಹೋಗಿ ಗುಂಡು ಚೆಂಡು! ಪೂರ್ವಕ್ಕೆ, ಚಾಚಿದ ಕೈಯ ಗೇಣಿಗಿಂತ ಕೊಂಚ ಹತ್ತಿರದಲ್ಲಿ ಶನಿ. ಹುಣ್ಣಿಮೆಯ ಬೆಳಕಿನಲ್ಲಿ ಅಡಗಿದ್ದ ನಕ್ಷತ್ರಗಳು ಒಂದೊಂದಾಗಿ ಮೇಲೆದ್ದವು. ಆ ಕೆಂಪು, ಭೂಮಿಯ ಅಂಚಿನ ಸುತ್ತಲಿನ ಗಾಳಿಯನ್ನು ಹಾದು ಬಾಗಿ ಬಂದ ಬಿಸಿಲು. ಆ ಹೊತ್ತಿಗೆ ಭೂಮಿಯ ಸುತ್ತ ಎಲ್ಲೆಲ್ಲಿ ಸೂರ್ಯೋದಯ, ಸೂರ್ಯಾಸ್ತ ಆಗುತ್ತಿದ್ದವೋ ಅಷ್ಟೂ ಬಣ್ಣ ಅಲ್ಲಿ ಸೇರಿತ್ತು. ತುಂಬಾ ಹೊತ್ತು ನೋಟ್‌ಬುಕ್ ಮುಟ್ಟಲಿಲ್ಲ.

12.10ಕ್ಕೆ ಮೋಡ ಕವಿಯಿತು. ಸರಿಯುವ ಹೊತ್ತಿಗೆ 12.40, ಆಗಲೇ ಕಾಲು ಭಾಗ ಬೆಳಗಿತ್ತು. ಉನ್ಮೀಲನ ಹೋಯಿತು. ಹೊಟ್ಟೆಯಲ್ಲಿ ಸಂಕಟ.

ಮೋಕ್ಷ 1.26. "ಬಿಡ್ತೇನಮ್ಮ?" ಅಂತ ಮೆಟ್ಟಿಲಿನಿಂದ ಅತ್ತೆಯ ಧ್ವನಿ. "ಬಿಡ್ತು ಅತ್ತೆ!" ಕೆಳಗೆ ಬಚ್ಚಲಿನಲ್ಲಿ ನೀರಿನ ಸದ್ದು.

ಸೆಪ್ಟೆಂಬರ್ 10

ಉನ್ಮೀಲನ ಇಲ್ಲದಿದ್ದರೂ ಲೆಕ್ಕ ನಿಲ್ಲುವುದಿಲ್ಲ ಅಂತ ಇವತ್ತು ಹೊಳೆಯಿತು. ಗ್ರಹಣ ಮಧ್ಯದ ಎರಡೂ ಕಡೆ ಸಮನಾಗಿರುತ್ತದೆ. ಸ್ಪರ್ಶಕ್ಕೂ ಮೋಕ್ಷಕ್ಕೂ ನಡುವೆ 208 ನಿಮಿಷ, ಹಾಗಾಗಿ ಮಧ್ಯ 11.42. ಅಲ್ಲಿಂದ ಹಿಂದಕ್ಕೆ ನಿಮೀಲನಕ್ಕೆ 41 ನಿಮಿಷ, ಮುಂದಕ್ಕೆ ಉನ್ಮೀಲನಕ್ಕೂ ಅಷ್ಟೇ.

ಚಂದ್ರ ನೆರಳಿನ ನಟ್ಟನಡುವೆ ಹಾಯಲಿಲ್ಲ, ಪಕ್ಕಕ್ಕೆ ಸರಿದು ಹೋದ. ಎಷ್ಟು ಪಕ್ಕಕ್ಕೆ ಅಂತ ನನಗೆ ಗೊತ್ತಿರಬೇಕಾಗಿಯೂ ಇಲ್ಲ! ನೆರಳಿನ ನಡುವಿನಿಂದ ಚಂದ್ರನ ನಡುವಿಗೆ ಇರುವ ದೂರ ಸ್ಪರ್ಶದಲ್ಲಿ ಎರಡರ ಅರ್ಧ ಅಗಲಗಳ ಮೊತ್ತ, ನಿಮೀಲನದಲ್ಲಿ ವ್ಯತ್ಯಾಸ. ಪೈಥಾಗರಸ್ ಪ್ರಮೇಯವನ್ನು ಸ್ಪರ್ಶಕ್ಕೊಮ್ಮೆ, ನಿಮೀಲನಕ್ಕೊಮ್ಮೆ ಬರೆದು ಒಂದರಿಂದ ಇನ್ನೊಂದನ್ನು ಕಳೆದರೆ ಪಕ್ಕಕ್ಕೆ ಸರಿದ ದೂರ ತಾನಾಗಿ ಹೊಡೆದುಹೋಗುತ್ತದೆ. ಉಳಿಯುವುದು ಇಷ್ಟೇ: 208ರ ಅರ್ಧವಾದ 104ರ ವರ್ಗದಿಂದ 41ರ ವರ್ಗ ಕಳೆದರೆ 9135. ನೆರಳಿನೊಳಗೆ ಚಂದ್ರ ತನ್ನ ಅಗಲದಷ್ಟು ಸರಿಯಲು ಎಷ್ಟು ನಿಮಿಷವೋ ಅದರ ವರ್ಗದಿಂದ ಭಾಗಿಸಿದರೆ, ನೆರಳು ಎಷ್ಟು ಚಂದ್ರರಷ್ಟು ಅಗಲ ಅಂತ ಸಿಗುತ್ತದೆ.

ಅಂದಾಜಿಗೆ ಒಂದು ಗಂಟೆ ಹಿಡಿದೆ: 2.54. ಆದರೆ ಆ ದಿನ ಚಂದ್ರ ಭೂಮಿಗೆ ಹತ್ತಿರ ಬರುತ್ತಿದ್ದ, ವೇಗ ಹೆಚ್ಚು. ಸುಮಾರು 58 ನಿಮಿಷ ಹಾಕಿದರೆ 2.72. ನೆರಳು ಸುಮಾರು 2.7 ಚಂದ್ರರಷ್ಟು ಅಗಲ ಇರಬೇಕು. ಸರಿಯಾಗಿದೆ!

ಸೆಪ್ಟೆಂಬರ್ 14

ಇನ್ನೊಂದು ಹೆಜ್ಜೆ. ಸೂರ್ಯ ಭೂಮಿಗಿಂತ ದೊಡ್ಡವನಾದ್ದರಿಂದ ನೆರಳು ದೂರ ಹೋದಂತೆ ಚೂಪಾಗುತ್ತದೆ. ಆಕಾಶದಲ್ಲಿ ಸೂರ್ಯ, ಚಂದ್ರ ಹೆಚ್ಚುಕಡಿಮೆ ಒಂದೇ ಗಾತ್ರ ಕಾಣುವುದರಿಂದ, ಚಂದ್ರನ ತನಕ ಹೋಗುವಷ್ಟರಲ್ಲಿ ನೆರಳು ಸುಮಾರು ಒಂದು ಚಂದ್ರನಷ್ಟು ಕಿರಿದಾಗಿರುತ್ತದೆ. ಅಂದರೆ ಭೂಮಿ 3.72 ಚಂದ್ರರಷ್ಟು ಅಗಲ. ಭೂಮಿಯ ಅಗಲ 12,742 ಕಿ.ಮೀ.ಯನ್ನು ಅದರಿಂದ ಭಾಗಿಸಿದೆ. ಚಂದ್ರನ ಅಗಲ 3,425 ಕಿ.ಮೀ. ಬಂತು. ಪುಸ್ತಕದಲ್ಲಿರುವುದು 3,474. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ಖಗೋಳಜ್ಞ ಅರಿಸ್ಟಾರ್ಕಸ್ ನಡೆದ ದಾರಿಯಲ್ಲಿ, ನಮ್ಮ ನೀರಿನ ಟ್ಯಾಂಕಿನ ಪಕ್ಕದ ಚಾಪೆಯ ಮೇಲೆ ಮಲಗಿ ಇಷ್ಟು ಹತ್ತಿರ ಬಂದೆ ಅಂತ ಮೈ ಜುಮ್ಮೆಂದಿತು.

ಅಳುಕೂ ಇದೆ. ಸ್ಪರ್ಶ ಮೋಕ್ಷಗಳ ಅವಧಿಯಲ್ಲಿ ಎರಡು ನಿಮಿಷ ತಪ್ಪಿದರೆ ಉತ್ತರ 0.06ರಷ್ಟು ಕದಲುತ್ತದೆ. ಆ 58ರಲ್ಲಿ ಎರಡು ನಿಮಿಷ ತಪ್ಪಿದರೆ 0.18ರಷ್ಟು. ನಾನು ಅಳೆಯದೆ ಎರವಲು ತಂದದ್ದೂ ಅದನ್ನೇ. ಖಗ್ರಾಸದ ಹೊತ್ತಿನಲ್ಲಿ ಕಾಣುವ ನಕ್ಷತ್ರಗಳ ಪಕ್ಕದಲ್ಲಿ ಚಂದ್ರ ಸರಿಯುವುದನ್ನು ಫೋಟೋದಲ್ಲಿ ಹಿಡಿದರೆ ಅದನ್ನೂ ನಾನೇ ತೆಗೆಯಬಹುದು.

2026ರ ಮಾರ್ಚ್ 3ರದ್ದು ನಮಗೆ ಗ್ರಸ್ತೋದಯ. ಚಂದ್ರ ಹುಟ್ಟುವಾಗಲೇ ಗ್ರಹಣ ಮುಗಿಯುತ್ತಾ ಬಂದಿರುತ್ತದೆ. ಪೂರ್ವ ದಿಕ್ಕು ತೆರೆದಿರುವ ಮಹಡಿ ಸಿಕ್ಕರೆ ಮೋಕ್ಷವೊಂದನ್ನು ಗುರುತಿಸುವ ಅಭ್ಯಾಸ ಆದೀತು. ಪೂರ್ತಿ ಅಳತೆಗೆ 2028ರ ಡಿಸೆಂಬರ್ 31ರ ರಾತ್ರಿಯೇ ಬರಬೇಕು. ನೋಟ್‌ಬುಕ್ಕಿನ ಮುಂದಿನ ಪುಟಕ್ಕೆ ಆ ದಿನಾಂಕ ಬರೆದು, ಐದು ಕಾಲಂ ಜೊತೆಗೆ ಆರನೆಯದೊಂದು ಹಾಕಿದ್ದೇನೆ: ನಕ್ಷತ್ರ.