ಗುಳೇದಗುಡ್ಡದ ಯುಕೆಜಿಯಲ್ಲಿ ಮಗ್ಗದ ಪುಸ್ತಕ

ಯುಕೆಜಿ ಕೋಣೆ ಅಂದಮೇಲೆ ಗೋಡೆಗೊಂದು ‘ನಮ್ಮ ಸಹಾಯಕರು’ ಚಾರ್ಟು ಇರಲೇಬೇಕು. ಪೊಲೀಸ್, ಡಾಕ್ಟರ್, ಪೋಸ್ಟ್‌ಮನ್, ಜೊತೆಗೆ ಯಾಕೋ ಒಬ್ಬ ಪೈಲಟ್. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಒಂದು ಕೋಣೆಯಲ್ಲೂ ಅದು ಇತ್ತು. ಕಿಟಕಿಯಾಚೆ ಓಣಿಯಿಂದ ಮಗ್ಗದ ಸಪ್ಪಳ ಕೇಳಿಬರುತ್ತಿತ್ತು, ಚಾರ್ಟಿನಲ್ಲಿ ಮಾತ್ರ ನೇಕಾರನಿಗೆ ಜಾಗವಿರಲಿಲ್ಲ. ಖಣಕ್ಕೆ, ಅಂದರೆ ಕುಪ್ಪಸದ ಬಟ್ಟೆಗೆ, ಹೆಸರಾದ ಊರಿನ ಮಕ್ಕಳು ಪೈಲಟ್ ಅಂತ ಥಟ್ಟನೆ ಹೇಳುತ್ತಾರೆ. ಉಡಿ ತುಂಬುವಾಗ ಅವ್ವನ ಮಡಿಲಿಗೆ ಬೀಳುವ ಖಣ ಎಲ್ಲಿಂದ ಬಂತು ಅಂದರೆ ‘ಅಂಗಡಿಯಿಂದ’ ಅನ್ನುತ್ತಾರೆ. ಆ ದಿನ ಟೀಚರ್ ಚಾರ್ಟಿನ ಕಡೆ ಹೋಗದೆ ಬಟ್ಟೆ ನೇಯುವ ಚಿತ್ರಪುಸ್ತಕ ಕೈಗೆತ್ತಿಕೊಂಡರು.

2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಬುನಾದಿ ಹಂತದಲ್ಲಿ, ಅಂದರೆ 3ರಿಂದ 8 ವರ್ಷದವರಿಗೆ, ಸಮಾಜ ವಿಜ್ಞಾನ ಅನ್ನುವ ಬೇರೆ ವಿಷಯವೇ ಇಲ್ಲ. ಇಲ್ಲದ್ದೇ ಒಳ್ಳೆಯದು. ಈ ವಯಸ್ಸಿಗೆ ಸಮಾಜ ಅಂದರೆ ಮನೆ, ಓಣಿ, ಸಂತೆ, ಜಾತ್ರೆ, ಯಾರು ಯಾವ ಕೆಲಸ ಮಾಡುತ್ತಾರೆ, ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಹೇಗೆ ಹೊಂದಿಕೊಂಡಿದೆ, ಅಷ್ಟೇ. ಅದನ್ನು ಪಾಠ ಮಾಡಿ ಕಲಿಸಲಾಗದು. ಚಿತ್ರ ಎದುರಿಗಿದ್ದರೆ ಮಗು ತನ್ನ ಓಣಿಯನ್ನು ಅದರ ಪಕ್ಕ ತಂದಿಟ್ಟು ನೋಡುತ್ತದೆ. ಕೂಡಿ ಓದುವುದರಿಂದ ಆಗಬೇಕಾದ ಕೆಲಸವೂ ಅದೇ.

ಪುಸ್ತಕದ್ದು ಹದಿನಾರು ಪುಟ, ಪುಟಕ್ಕೆ ಒಂದೋ ಎರಡೋ ಸಾಲು. ಇಂಥ ಓದಿಗೆ ಅದಕ್ಕಿಂತ ಹೆಚ್ಚು ಅಕ್ಷರ ಬೇಡ. ಆರಿಸುವಾಗ ನೋಡಬೇಕಾದದ್ದು ಚಿತ್ರದಲ್ಲಿನ ಕೈಗಳನ್ನು: ಜನ ಕ್ಯಾಮರಾಕ್ಕೆ ನಿಂತಂತೆ ನಿಂತಿದ್ದಾರೋ, ಏನಾದರೂ ಮಾಡುತ್ತಿದ್ದಾರೋ? ಸುಮ್ಮನೆ ನಿಂತವರ ಬಗ್ಗೆ ‘ಇವರ್ಯಾರು’ ಎಂಬ ಒಂದೇ ಪ್ರಶ್ನೆ ಹುಟ್ಟುತ್ತದೆ. ಕೆಲಸ ಮಾಡುತ್ತಿರುವವರ ಬಗ್ಗೆ ಹತ್ತು ಹುಟ್ಟುತ್ತವೆ. ಕೊನೆಯ ಪುಟದಲ್ಲಿ ನೀತಿ ಬೋಧಿಸುವ ಪುಸ್ತಕವನ್ನು ಇದಕ್ಕೆ ತರಲೇಬಾರದು. ನೀತಿ ಬರುತ್ತದೆ ಅಂತ ಮಕ್ಕಳಿಗೆ ಗೊತ್ತಾದರೆ ನಡುವಿನ ಪುಟಗಳಲ್ಲಿ ಬಾಯಿ ತೆರೆಯುವುದಿಲ್ಲ. ಪುಸ್ತಕ ಕೊಳ್ಳಲು ರೊಕ್ಕ ಇಲ್ಲದಿದ್ದರೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಅವುಗಳ ಮುಕ್ತ ಪರವಾನಗಿ ಮುದ್ರಿಸಿಕೊಳ್ಳಲೂ ಸಾಲುಗಳನ್ನು ನಮ್ಮ ಮಾತಿಗೆ ತಿದ್ದಿಕೊಳ್ಳಲೂ ಬಿಡುತ್ತದೆ, ಮೂಲ ಬರೆದವರ ಮತ್ತು ಚಿತ್ರ ಬಿಡಿಸಿದವರ ಹೆಸರು, ಪರವಾನಗಿ ಉಳಿಸಿ, ತಿದ್ದಿದ್ದರೆ ಹಾಗೆಂದು ಹೇಳಬೇಕು.

ಎ4 ಅಳತೆಯ ಪುಟ ಎಂಟು ಹತ್ತು ಮಕ್ಕಳಿಗೆ ಕಾಣುತ್ತದೆ, ಅದಕ್ಕಿಂತ ಹಿಂದೆ ಕೂತವರಿಗೆ ಬರೀ ಬಣ್ಣ. ಕೋಣೆಯಲ್ಲಿ ಇಪ್ಪತ್ತೆರಡು ಮಕ್ಕಳಿದ್ದರು. ಹಾಗಾಗಿ ಪುಟಗಳನ್ನು ಝೆರಾಕ್ಸ್ ಅಂಗಡಿಯಲ್ಲಿ ಎ3ಗೆ ಹಿಗ್ಗಿಸಿ, ದಪ್ಪ ಹಾಳೆಗೆ ಅಂಟಿಸಿ, ಮಗ್ಗುಲಿಗೆ ದಾರ ಪೋಣಿಸಿದ್ದರು. ಬಣ್ಣದ ಪ್ರತಿ ದುಬಾರಿಯಾದರೆ ಕಪ್ಪು-ಬಿಳುಪು ತೆಗೆಸಿ ಬೇಕಾದ ಕಡೆಗಷ್ಟೇ ಬಣ್ಣ ತುಂಬಬಹುದು. ಲ್ಯಾಮಿನೇಷನ್ ಮಾಡಿಸಬಾರದು. ಬಾಳಿಕೆ ಬರುತ್ತದೆ ನಿಜ, ಆದರೆ ಬೆಳಕು ಬಿದ್ದು ಅರ್ಧ ಮಕ್ಕಳಿಗೆ ಪುಟ ಬರೀ ಹೊಳಪಾಗಿ ಕಾಣುತ್ತದೆ. ಟೀಚರ್ ಬೆನ್ನು ಕಿಟಕಿಗಲ್ಲ, ಗೋಡೆಗೆ ಇರಬೇಕು. ಕುರ್ಚಿ ಬೇಡ, ಮಣೆ ಅಥವಾ ಗಿಡ್ಡ ಸ್ಟೂಲ್ ಸಾಕು. ಪುಟ ಮಕ್ಕಳ ಕಣ್ಣಿನ ಎತ್ತರಕ್ಕಿರಬೇಕು, ಹಿಡಿದ ಕೈ ಪುಟದ ಕೆಳಗಿರಬೇಕು.

ಮೊದಲ ದಿನ ಪುಸ್ತಕವನ್ನು ತಡೆಯಿಲ್ಲದೆ ಒಮ್ಮೆ ಓದಿ ಮುಗಿಸಿದ್ದರಂತೆ. ಅದು ಸರಿ. ಕತೆ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿಲ್ಲದ ಮಗುವನ್ನು ಪುಟಪುಟಕ್ಕೂ ಪ್ರಶ್ನೆ ಕೇಳಿ ನಿಲ್ಲಿಸಿದರೆ ಅದಕ್ಕೆ ಸಿಟ್ಟು ಬರುತ್ತದೆ. ಆ ದಿನದ್ದು ಎರಡನೇ ಓದು, ಮಾತಿನ ಓದು. ಹದಿನಾರರಲ್ಲಿ ನಿಲ್ಲಬೇಕಾದ ನಾಲ್ಕೇ ಪುಟಗಳಿಗೆ ಮೊದಲೇ ಹಿಂದೆ ಪೆನ್ಸಿಲ್ ಗುರುತು ಹಾಕಿಕೊಂಡಿದ್ದರು. ಇಡೀ ಓದು ಹದಿನೈದು ಇಪ್ಪತ್ತು ನಿಮಿಷ ಮೀರಬಾರದು.

ಮಗ್ಗದ ಪುಟ ಬಂತು. ನಾಲ್ಕು ಕಾಲಿನ ಮೇಲೆ ಎತ್ತರಕ್ಕೆ ನಿಂತ ಮಗ್ಗ, ಹಲಗೆಯ ಮೇಲೆ ಕೂತ ಹೆಂಗಸು. ಮುಂದಿನ ಸಾಲಿನ ಹುಡುಗ ಎದ್ದೇ ನಿಂತ.

“ಇದು ಮಗ್ಗ ಅಲ್ರಿ ಅಕ್ಕಾರ. ನಮ್ಮಪ್ಪ ಕುಣ್ಯಾಗ ಕಾಲ ಬಿಟ್ಟು ಕುಂದರ್ತಾನ್ರಿ.”

ಬಹಳ ಕಡೆ ಇಲ್ಲೇ ಓದು ಕೆಡುತ್ತದೆ. ‘ಇದೂ ಒಂದು ಮಗ್ಗನಪಾ, ಕೂಡು’ ಅಂದರೆ ಮುಗಿಯಿತು, ಪುಸ್ತಕ ಹೇಳಿದ್ದೇ ಖರೆ, ತನ್ನ ಮನೆಯದು ಸುಳ್ಳು ಅಂತ ಮಗು ತಿಳಿಯುತ್ತದೆ. ಇವರು ಹಾಗನ್ನಲಿಲ್ಲ. “ಹಂಗಾದ್ರ ಚಿತ್ರದಾಗ ಆಕಿ ಕಾಲ ಎಲ್ಲಿ ಅದಾವ, ನೋಡ್ರಿ” ಅಂದು ಸುಮ್ಮನಾದರು. ಕುಣಿಮಗ್ಗದಲ್ಲಿ ನೇಕಾರ ನೆಲದ ಮಟ್ಟಕ್ಕೆ ಕೂತು, ತೆಗ್ಗಿನಲ್ಲಿ ಕಾಲಿಳಿಬಿಟ್ಟು ತುಳಿಯುತ್ತಾನೆ. ಚಿತ್ರದಲ್ಲೂ ಕಾಲು ತುಳಿಯುತ್ತಲೇ ಇತ್ತು, ತೆಗ್ಗಿರಲಿಲ್ಲ, ಅಷ್ಟೇ. ಅದನ್ನು ಮಕ್ಕಳೇ ಹುಡುಕಿದರು.

ಆ ಸುಮ್ಮನಾಗುವುದಕ್ಕೂ ಲೆಕ್ಕವಿದೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು ಮೂರಕ್ಕೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಮಾತಾಡುತ್ತಾರೆ. ಮೂರು ಸೆಕೆಂಡ್ ಕೇಳಲು ಸಣ್ಣದು. ಇಪ್ಪತ್ತೆರಡು ಜೊತೆ ಕಣ್ಣು ನಿಮ್ಮನ್ನೇ ನೋಡುತ್ತಿದ್ದಾಗ ಬಲು ಉದ್ದ. ಮನಸ್ಸಿನಲ್ಲೇ ಎಣಿಸುವುದು ಒಳ್ಳೆಯದು.

ಮುಂದಿನ ಗುರುತಿನ ಪುಟದಲ್ಲಿ ಮುದುಕಿಯೊಬ್ಬಳು ರಾಟಿ ತಿರುವುತ್ತಿದ್ದಳು. ಹಿಂದಿನ ಸಾಲಿನ ಹುಡುಗಿ ಮೆಲ್ಲಗೆ, “ಆಯಿ ಕಂಡಿಕಿ” ಅಂದಳು. ಎರಡೇ ಪದ. ಕಂಡಿಕಿ ಅಂದರೆ ನೂಲು ಸುತ್ತುವ ಸಣ್ಣ ಕೊಳವೆ. ಟೀಚರ್ ಅದನ್ನೇ ಹಿಗ್ಗಿಸಿ ವಾಪಸು ಕೊಟ್ಟರು: “ಹೌದವ್ವ, ಆಯಿ ರಾಟಿ ತಿರುವಿ ಕಂಡಿಕಿಗೆ ನೂಲು ಸುತ್ತಾಕತ್ಯಾಳ. ಆಮ್ಯಾಲೆ ಕಂಡಿಕಿ ಎಲ್ಲಿ ಇಡತಾರ?” “ಲಾಳ್ಯಾಗ್ರಿ!” ನೇಕಾರರ ಮನೆಯ ಮಕ್ಕಳೆಲ್ಲ ಒಟ್ಟಿಗೆ ಕೂಗಿದರು. ಲಾಳಿ ಅಂದರೆ ಕಂಡಿಕಿಯನ್ನು ಹೊತ್ತು ಮಗ್ಗದಲ್ಲಿ ಅತ್ತಿತ್ತ ಓಡುವ ಸಾಧನ. ಕೇಳುವುದು, ಉತ್ತರವನ್ನು ಒಪ್ಪುವುದು, ಒಂದೆರಡು ಪದ ಸೇರಿಸಿ ಹಿಗ್ಗಿಸುವುದು, ಮಗುವಿನ ಬಾಯಿಂದ ಮತ್ತೊಮ್ಮೆ ಹೇಳಿಸುವುದು: ಸಂವಾದದ ಓದು ಅನ್ನುವುದು ಇದನ್ನೇ. ಅಮೆರಿಕದ ಮನಶ್ಶಾಸ್ತ್ರಜ್ಞ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಇದರ ಬಗ್ಗೆ ಅಧ್ಯಯನ ಪ್ರಕಟಿಸಿದರು. ಹಿಗ್ಗಿಸುವುದನ್ನು ಮಗುವಿನ ಆಡುಮಾತಿನಲ್ಲೇ ಮಾಡಬೇಕು. ‘ಸುತ್ತುತ್ತಿದ್ದಾಳೆ’ ಅಂತ ತಿದ್ದಲು ಹೊರಟರೆ ಮಗು ಕಂಡಿಕಿ ಬಿಟ್ಟು ವ್ಯಾಕರಣಕ್ಕೆ ಹೆದರುತ್ತದೆ.

ಕೂಗಿ ಹೇಳುವ ಉತ್ತರ ಮೋಸದ್ದು. ನೇಕಾರರ ಮನೆಯಲ್ಲದ ಏಳೆಂಟು ಮಕ್ಕಳು ಲಾಳಿ ಕಂಡವರಲ್ಲ, ಆದರೂ ಬಾಯಿ ಸೇರಿಸಿದ್ದರು. ಅದಕ್ಕೆ ಜೋಡಿ ಮಾತು ಮಾಡಿಸಬೇಕು. ಲಾಳಿ ಗೊತ್ತಿದ್ದವರು ಪಕ್ಕದವರಿಗೆ ಅರ್ಧ ನಿಮಿಷ ಕೈ ಆಡಿಸಿ ತೋರಿಸುವುದು. ನಿಜವಾದ ಲಾಳಿಯೊಂದನ್ನು ತಂದಿಟ್ಟಿದ್ದರು. ತುದಿಗಳಲ್ಲಿ ಲೋಹದ ಮೊನೆ ಇರುವುದರಿಂದ ಮಕ್ಕಳ ಕೈಯಿಂದ ಕೈಗೆ ಬಿಡದೆ ಟೀಚರೇ ಹಿಡಿದು ಮುಟ್ಟಿಸಿದರು.

ಆ ದಿನದ ಒಳ್ಳೆಯ ಮಾತು ಬಂದದ್ದು ರಾಟಿಯ ಪುಟದಲ್ಲೇ. ‘ನಿಮ್ಮಪ್ಪ ಏನು ಕೆಲಸ ಮಾಡ್ತಾನ’ ಅಂತ ಟೀಚರ್ ಕೇಳಲಿಲ್ಲ. ಈ ಭಾಗದಲ್ಲಿ ಕಟ್ಟಡದ ಕೆಲಸಕ್ಕೆ ಗೋವಾ, ಮಂಗಳೂರಿಗೆ ಹೋದ ಅಪ್ಪಂದಿರಿದ್ದಾರೆ, ಅಪ್ಪ ಇಲ್ಲದ ಮಕ್ಕಳೂ ಇದ್ದಾರೆ. ಕಸುಬಿನ ಹೆಸರು ಕೇಳಿದರೆ ಜಾತಿಯನ್ನೂ ಕೇಳಿದಂತೆ. ಪ್ರಶ್ನೆ ಕೆಲಸದ ಬಗ್ಗೆ ಇರಬೇಕು, ಕುಲದ ಬಗ್ಗೆ ಅಲ್ಲ. “ನಿಮ್ಮ ಮನ್ಯಾಗ ಯಾರ್ಯಾರು ಏನೇನು ಕೆಲಸ ಮಾಡ್ತಾರ?” ಅಂದರು. ಒಬ್ಬ ಹೇಳಿದ: “ನಮ್ಮವ್ವ ಕೆಲಸ ಮಾಡಂಗಿಲ್ರಿ, ಮನ್ಯಾಗ ಇರ್ತಾಳ್ರಿ.”

“ಮುಂಜಾನೆ ರೊಟ್ಟಿ ಯಾರು ಬಡದ್ರು?”

“ಅವ್ವ.”

“ಕಂಡಿಕಿ ಯಾರು ಸುತ್ತಿದ್ರು?”

“ಅವ್ವ. ಆದ್ರ ಆಕಿಗೆ ಯಾರೂ ರೊಕ್ಕ ಕೊಡಂಗಿಲ್ರಿ.”

ರೊಕ್ಕ ಸಿಗದ ಮನೆಗೆಲಸ ಕೆಲಸವೋ ಅಲ್ಲವೋ ಅನ್ನುವ ಅರ್ಥಶಾಸ್ತ್ರದ ದೊಡ್ಡ ಜಗಳದ ಬಾಗಿಲಿಗೇ ಐದು ವರ್ಷದ ಹುಡುಗ ಬಂದು ನಿಂತಿದ್ದ. ಟೀಚರ್ ಉಪದೇಶಕ್ಕೆ ಇಳಿಯಲಿಲ್ಲ. ಪುಟದ ಮುದುಕಿಯನ್ನು ತೋರಿಸಿ, “ಈಕಿ ಕಂಡಿಕಿ ಸುತ್ತಲಿಲ್ಲಂದ್ರ ಮಗ್ಗದಾಗ ಏನಾಗತೈತಿ?” ಅಂದರು. “ನಿಲ್ಲತೈತ್ರಿ.” ಹುಡುಗನ ಮನಸ್ಸು ಬದಲಾಯಿತೋ ಇಲ್ಲವೋ, ಅದನ್ನು ಅಂದೇ ತಿಳಿದುಕೊಳ್ಳುವ ಅವಸರ ಬೇಡ.

ಓದಾದ ಮೇಲೆ ಚಿತ್ರದ ಕಾರ್ಡುಗಳು. ಹತ್ತಿ ಹೊಲ, ನೂಲು, ನೂಲಿಗೆ ಬಣ್ಣ ಹಾಕುವ ಗುಂಡಿ, ಕಂಡಿಕಿ, ಮಗ್ಗ, ಅಂಗಡಿ: ಒಟ್ಟು ಆರು, ಒಂದೊಂದೂ ಪೋಸ್ಟ್‌ಕಾರ್ಡಿನಷ್ಟು. ಆರನ್ನೂ ಒಮ್ಮೆಗೇ ಹರಡಿದರೆ ಮಕ್ಕಳು ಬಣ್ಣ ನೋಡಿ ಜೋಡಿಸುತ್ತಾರೆ. ನೂಲು, ಮಗ್ಗ, ಅಂಗಡಿ ಮೂರರಿಂದ ಶುರು ಮಾಡಿ ಒಂದೊಂದೇ ಸೇರಿಸಬೇಕು. ಕಾರ್ಡಿನ ಹಿಂದೆ ಅಂಕಿ ಬರೆಯಬಾರದು, ಬರೆದರೆ ಅದು ಗಣಿತದ ಆಟವಾಗುತ್ತದೆ. ಬಹಳ ಮಕ್ಕಳು ಅಂಗಡಿಯನ್ನೇ ಮೊದಲು ಇಡುತ್ತಾರೆ. ಅವರ ಮಟ್ಟಿಗೆ ಬಟ್ಟೆ ಶುರುವಾಗುವುದು ಅಲ್ಲಿಂದಲೇ, ತಪ್ಪು ಅನ್ನಲು ಬರುವುದಿಲ್ಲ. “ಅಂಗಡಿಗೆ ಬರೂದ್ರ ಮೊದಲ ಎಲ್ಲಿತ್ತು?” ಅಂತ ಹಿಂದಕ್ಕೆ ಹಿಂದಕ್ಕೆ ಹೋದರೆ ಹೊಲ ತಾನೇ ಸಿಗುತ್ತದೆ. ಮುಂದಕ್ಕೆ ಹೇಳಿಸುವುದಕ್ಕಿಂತ ಈ ದಾರಿ ಸಲೀಸು.

ಮಧ್ಯಾಹ್ನ ಓಣಿಯ ನಕ್ಷೆ. ನೆಲದ ಮೇಲೆ ಸೀಮೆಸುಣ್ಣದ ಗೆರೆ, ಮನೆಗಳಿಗೆ ಖಾಲಿ ಕಡ್ಡಿಪೆಟ್ಟಿಗೆ. ಗೋಡೆಯ ಮೇಲಿನ ನಕ್ಷೆ ಈ ವಯಸ್ಸಿಗೆ ಹತ್ತುವುದಿಲ್ಲ, ಅಲ್ಲಿ ಮೇಲೆ ಅಂದರೆ ಆಕಾಶ. ನೆಲದ ಮೇಲಾದರೆ ಶಾಲೆಯ ಬಾಗಿಲು ನಿಜಕ್ಕೂ ಇರುವ ದಿಕ್ಕಿಗೇ ನಕ್ಷೆಯ ಬಾಗಿಲೂ ಇರುತ್ತದೆ. ಶಾಲೆ, ಗುಡಿ, ಮಗ್ಗದ ಮನೆ, ಈ ಮೂರು ಗುರುತು ಸಾಕು. ಮಕ್ಕಳು ಗಿಡವನ್ನು ಅಡ್ಡ ಮಲಗಿಸಿ ಬರೆದರೂ ತಿದ್ದುವುದು ಬೇಡ.

ಮೂರನೇ ಓದಿನಲ್ಲಿ ಪುಟ ತಿರುವುವ ಕೆಲಸ ಮಕ್ಕಳದು, ಸಾಲನ್ನೂ ಅವರೇ ತಮ್ಮ ಮಾತಿನಲ್ಲಿ ಹೇಳುತ್ತಾರೆ. ಬೆಳಗಾವಿ ಕಡೆ ಮನೆಯಲ್ಲಿ ಮರಾಠಿ ಆಡುವ ಮಕ್ಕಳಿದ್ದರೆ ಈ ಓದನ್ನೇ ಮೊದಲಿಗೆ ತರುವುದು ವಾಸಿ: ಅಕ್ಷರ ಮುಚ್ಚಿ, ಬರೀ ಚಿತ್ರ. ಬರೆದಿಟ್ಟುಕೊಳ್ಳಬೇಕಾದದ್ದು ಇಷ್ಟೇ: ಯಾವ ಮಗು ಪುಸ್ತಕದಲ್ಲಿ ಇಲ್ಲದ್ದನ್ನು ತನ್ನ ಮನೆಯಿಂದ ತಂದು ಹೇಳಿತು, ಯಾವ ಮಗು ಇನ್ನೂ ಬಾಯಿ ತೆರೆದಿಲ್ಲ. ಗೋವಾಕ್ಕೆ ಹೋದ ಅಪ್ಪನ ಮಗು ಆ ದಿನ ಒಂದು ಮಾತೂ ಆಡಲಿಲ್ಲ. ಅದಕ್ಕೇ ಮುಂದಿನ ವಾರಕ್ಕೆ ಟೀಚರ್ ಬಸ್ ಸ್ಟ್ಯಾಂಡಿನ ಪುಸ್ತಕ ತೆಗೆದಿಟ್ಟಿದ್ದಾರೆ.