ಸ್ಲೈಡ್ ಕೆಡುವುದು ಬಹುಪಾಲು ಫಾರ್ಮಲಿನ್ ಡಬ್ಬಿಯಲ್ಲೇ

ದೇಹದಿಂದ ತೆಗೆದ ಅಂಗಾಂಶದ ಸ್ಲೈಡಿನಲ್ಲಿ, ಸೂಕ್ಷ್ಮದರ್ಶಕದಡಿ ಕೋಶಕೇಂದ್ರಗಳು ಮಸುಕಾಗಿ ಕಂಡರೆ ಎಲ್ಲರೂ ಮೊದಲು ಬಯ್ಯುವುದು ಬಣ್ಣವನ್ನು. ಬಣ್ಣದ ತಪ್ಪು ಕಡಿಮೆಯೇ. ಅದನ್ನು ತೊಳೆದು ಮತ್ತೆ ಹಾಕಬಹುದು. ಸರಿಯಾಗಿ ಫಿಕ್ಸ್ ಆಗದ (ಕೆಡದಂತೆ ಫಾರ್ಮಲಿನ್ನಿನಲ್ಲಿ ಸ್ಥಿರಗೊಳ್ಳದ) ಅಂಗಾಂಶಕ್ಕೆ ಮಾತ್ರ ಮದ್ದಿಲ್ಲ.

ರಕ್ತ ಸಂಚಾರ ನಿಂತ ಕೂಡಲೇ ಕೋಶದ ಕಿಣ್ವಗಳು ಕೋಶವನ್ನೇ ಜೀರ್ಣಿಸತೊಡಗುತ್ತವೆ. ಮೇದೋಜೀರಕ ಗ್ರಂಥಿ, ಕರುಳಿನ ಒಳಪದರಗಳಲ್ಲಂತೂ ಇದು ಬಲು ಬೇಗ. ಹಾಗಾಗಿ ತಡಮಾಡದೆ ಶೇ. 10ರ ಬಫರ್ಡ್ (ಆಮ್ಲೀಯವಾಗದಂತೆ ಲವಣ ಬೆರೆಸಿದ) ಫಾರ್ಮಲಿನ್‌ಗೆ ಹಾಕಬೇಕು (ಹೆಸರಿಗೆ ಹತ್ತು, ಒಳಗಿರುವ ಫಾರ್ಮಾಲ್ಡಿಹೈಡ್ ಸುಮಾರು ಶೇ. 4). ದ್ರಾವಣ ತುಣುಕಿನ 10ರಿಂದ 20 ಪಟ್ಟು ಇರಲಿ. ದಪ್ಪ 3–4 ಮಿ.ಮೀ. ದಾಟಬಾರದು. ಫಾರ್ಮಲಿನ್ ಒಳಗಿಳಿಯುವುದು ಗಂಟೆಗೆ ಸುಮಾರು ಒಂದು ಮಿ.ಮೀ., ಆಳಕ್ಕೆ ಹೋದಷ್ಟೂ ಇನ್ನೂ ನಿಧಾನ. ಇಳಿದ ಮಾತ್ರಕ್ಕೆ ಕೆಲಸ ಮುಗಿಯದು. ಪ್ರೋಟೀನ್‌ಗಳ ನಡುವೆ ಬೆಸುಗೆ ಬೀಳಲು ಮತ್ತೆ ಹಲವು ಗಂಟೆ ಬೇಕು. ದಪ್ಪ ತುಣುಕನ್ನು ಇಡಿಯಾಗಿ ಮುಳುಗಿಸಿದರೆ ಅಂಚು ಗಟ್ಟಿ, ನಡು ಕೊಳೆತ. ಬಫರ್ ಇಲ್ಲದೆ ಆಮ್ಲೀಯವಾದ ಫಾರ್ಮಲಿನ್ ಆದರೆ ರಕ್ತ ಹೆಚ್ಚಿರುವ ಕಡೆ ಕಂದು-ಕಪ್ಪು ಕಣಗಳು ಕೂರುತ್ತವೆ.

ಆಮೇಲಿನದು ನೀರು ತೆಗೆಯಲು ಏರುವ ಸಾಂದ್ರತೆಯ ಆಲ್ಕೋಹಾಲ್, ಆಲ್ಕೋಹಾಲ್ ತೆಗೆಯಲು ಕ್ಸೈಲೀನ್ ಎಂಬ ದ್ರಾವಕ, ಕೊನೆಗೆ ಕರಗಿದ ಮೇಣ. ಮೇಣ ಅಂಗಾಂಶದೊಡನೆ ಗಟ್ಟಿಯಾದರೆ ಅದೇ ಬ್ಲಾಕ್. ನೀರು ಪೂರ್ತಿ ಹೋಗದಿದ್ದರೆ ಮೇಣ ಒಳಹೋಗದು. ಕತ್ತರಿಸುವಾಗ ಅಂಗಾಂಶ ಬ್ಲಾಕ್‌ನಿಂದ ಉದುರಿ ಬೀಳುತ್ತದೆ.

ಬ್ಲಾಕನ್ನು ತೆಳು ಹಾಳೆಗಳಾಗಿ ಕತ್ತರಿಸುವ ಯಂತ್ರವಾದ ಮೈಕ್ರೋಟೋಮ್ ಮುಂದೆ ಕೂತಾಗ ಕೈಗೆ ತಾಳ್ಮೆ ಬೇಕು. ಬ್ಲಾಕನ್ನು ಮಂಜುಗಡ್ಡೆಯ ಮೇಲಿಟ್ಟು ತಣ್ಣಗಾಗಿಸಿ, 3ರಿಂದ 5 ಮೈಕ್ರಾನ್‌ಗೆ ಕತ್ತರಿಸಿ. ಕೆಂಪು ರಕ್ತಕಣದ ಅಗಲವೇ ಸುಮಾರು 7 ಮೈಕ್ರಾನ್, ಅದಕ್ಕಿಂತಲೂ ತೆಳುವು ಈ ಹಾಳೆ. ಚಕ್ರ ಒಂದೇ ಹದದಲ್ಲಿ ತಿರುಗಿದರೆ ಹಾಳೆಗಳು ಒಂದರ ತುದಿಗೊಂದು ಅಂಟಿ ರಿಬ್ಬನ್ ಆಗಿ ಇಳಿಯುತ್ತವೆ. ರಿಬ್ಬನ್ನಿನುದ್ದಕ್ಕೆ ಗೀರು ಬಿದ್ದರೆ ಬ್ಲೇಡಿನ ಅಂಚು ಮುರಿದಿದೆ, ಪಕ್ಕಕ್ಕೆ ಸರಿಸಿ ಹೊಸ ಭಾಗ ಬಳಸಿ. ಅಡ್ಡಡ್ಡ ದಪ್ಪ-ತೆಳು ಪಟ್ಟಿ ಬಂದರೆ ಬ್ಲೇಡ್ ಅಥವಾ ಬ್ಲಾಕ್ ಸಡಿಲ, ಇಲ್ಲವೇ ಅಂಗಾಂಶ ಅತಿಯಾಗಿ ಒಣಗಿದೆ. ಸುಕ್ಕು ಬಿಡಿಸಲು ಹಾಳೆಗಳನ್ನು ತೇಲಿಬಿಡುವ ನೀರು ಮೇಣ ಕರಗುವ ಉಷ್ಣತೆಗಿಂತ ಸುಮಾರು 10 ಡಿಗ್ರಿ ಕಡಿಮೆ ಇರಲಿ: ತಣ್ಣಗಿದ್ದರೆ ಸುಕ್ಕು ಬಿಡುವುದಿಲ್ಲ, ಬಿಸಿಯಾದರೆ ಕೋಶಗಳು ಒಂದರಿಂದೊಂದು ದೂರ ಸರಿಯುತ್ತವೆ.

ಇನ್ನು ಬಣ್ಣದ ಸರದಿ. ಹೆಮಟಾಕ್ಸಿಲಿನ್ ಎಂಬ ಬಣ್ಣ ಕೋಶಕೇಂದ್ರಕ್ಕೆ ಮೊದಲು ಕೆಂಪು-ನೇರಳೆ ಹತ್ತಿಸುತ್ತದೆ. ತುಸು ಕ್ಷಾರೀಯ ನೀರಿನಲ್ಲಿ ಕಣ್ಣೆದುರೇ ಅದು ನೀಲಿಗೆ ತಿರುಗುತ್ತದೆ. ಎಷ್ಟು ಸಲ ನೋಡಿದರೂ ಸಾಲದ ನೋಟ ಅದು. ಈ ಹಂತಕ್ಕೆ ಅವಸರ ಬೇಡ. ನಂತರ ಎರಡನೆಯ ಬಣ್ಣ ಇಯೋಸಿನ್, ಗುಲಾಬಿ ಹಿನ್ನೆಲೆಗೆ. ಬಣ್ಣದ ಬಳಿಕ ಸ್ಲೈಡ್ ಮತ್ತೆ ಆಲ್ಕೋಹಾಲ್ ದಾಟಿ ಕ್ಸೈಲೀನ್‌ಗೆ ಬರುತ್ತದೆ. ಈ ಕೊನೆಯ ಕ್ಸೈಲೀನ್ ಹಾಲಿನಂತೆ ಬೆಳ್ಳಗಾದರೆ ನೀರು ಉಳಿದಿದೆ. ಸ್ಲೈಡನ್ನು ಶುದ್ಧ ಆಲ್ಕೋಹಾಲ್‌ಗೆ ಹಿಂದಕ್ಕೆ ಒಯ್ಯಿರಿ.

ಕೊಬ್ಬಿನ ಕೋಶಗಳು ಖಾಲಿ ಗುಳ್ಳೆಗಳಂತೆ ಕಾಣುವುದು ದೋಷವಲ್ಲ: ಆಲ್ಕೋಹಾಲ್, ಕ್ಸೈಲೀನ್‌ಗಳು ಕೊಬ್ಬನ್ನು ಕರಗಿಸಿಬಿಟ್ಟಿರುತ್ತವೆ. ಕೊಬ್ಬನ್ನೇ ನೋಡಬೇಕಿದ್ದರೆ ಮೇಣದ ದಾರಿ ಬಿಟ್ಟು, ಮೈನಸ್ 20 ಡಿಗ್ರಿ ಆಸುಪಾಸಿನ ಕ್ರಯೋಸ್ಟಾಟ್‌ನಲ್ಲಿ (ಹೆಪ್ಪುಗಟ್ಟಿಸಿದ ಅಂಗಾಂಶ ಕತ್ತರಿಸುವ ತಂಪು ಯಂತ್ರ) ಕತ್ತರಿಸಿ ಕೊಬ್ಬಿಗೆ ಹತ್ತುವ ಬಣ್ಣವಾದ ಆಯಿಲ್ ರೆಡ್ ಓ ಹಾಕಬೇಕು. ಕೊಬ್ಬು ನೋಡಬೇಕೆಂಬ ಸೂಚನೆ ಅಂಗಾಂಶ ಆಲ್ಕೋಹಾಲ್‌ಗೆ ಇಳಿಯುವ ಮುಂಚೆಯೇ ಪ್ರಯೋಗಾಲಯಕ್ಕೆ ತಲುಪಿರಬೇಕು.